ಹಳೇ ಸೂಟಿಗೆ ಹೆಗಲೇ ಮೊದಲು

ಹೋದ ಸಲ ಅಮೆರಿಕದ ಥ್ರಿಫ್ಟ್ ಅಂಗಡಿಗಳ ಬಗ್ಗೆ, ಅಂದರೆ ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಅಂಗಡಿಗಳ ಬಗ್ಗೆ ಎರಡು ಸಾಲು ಬರೆದಿದ್ದೆ. ಅಲ್ಲಿ 12 ಡಾಲರಿಗೆ ಕೊಂಡ ಸೂಟನ್ನೇ ಈಗಲೂ ಆರತಕ್ಷತೆಗಳಿಗೆ ಹಾಕಿಕೊಂಡು ಹೋಗುತ್ತೇನೆ ಅಂದಿದ್ದೇ ತಪ್ಪಾಯಿತು ನೋಡಿ, ಪ್ರಶ್ನೆಗಳ ರಾಶಿಯೇ ಬಂದಿದೆ. ಈ ಸಲ ಪೂರ್ತಿ ಅದೇ.

ಪಿಟ್ಸ್‌ಬರ್ಗ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಮುಂದಿನ ತಿಂಗಳಿಂದ ಇಂಟರ್‌ವ್ಯೂ. ಹೊಸ ಸೂಟಿಗೆ ದುಡ್ಡಿಲ್ಲ. ರೂಮ್‌ಮೇಟ್ ಥ್ರಿಫ್ಟ್ ಅಂಗಡಿಗೆ ಹೋಗು ಅಂತಾನೆ. ಅಮ್ಮ ಮಾತ್ರ "ಯಾರೋ ಸತ್ತವರ ಬಟ್ಟೆ ಇರತ್ತೆ, ಮುಟ್ಟಬೇಡ" ಅಂತಾರೆ. ಏನು ಮಾಡಲಿ ಸರ್?
— ವಿದ್ಯಾರ್ಥಿ, ಪಿಟ್ಸ್‌ಬರ್ಗ್

ಅಮ್ಮ ಹೇಳಿದ್ದು ಸುಳ್ಳಲ್ಲ ಕಣಪ್ಪ. ಒಳ್ಳೇ ಹಳೇ ಸೂಟು ಅಂಗಡಿಗೆ ಬರುವ ದಾರಿಯೇ ಹೆಚ್ಚಾಗಿ ಅದು. ವಯಸ್ಸಾದವರು ತೀರಿಕೊಳ್ಳುತ್ತಾರೆ ಅಥವಾ ವೃದ್ಧಾಶ್ರಮ ಸೇರುತ್ತಾರೆ, ದೂರದ ಊರಿಂದ ಬಂದ ಮಕ್ಕಳು ನಾಲ್ಕು ದಿನದ ರಜೆಯಲ್ಲಿ ಮನೆ ಖಾಲಿ ಮಾಡಬೇಕು, ಬೀರುವಿನಲ್ಲಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿ ಕಾರಿನಲ್ಲಿ ತಂದು ಅಂಗಡಿಯ ಹಿಂಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ಹಾಗಾಗಿ ಹಳೇ ಜನ ಜಾಸ್ತಿ ಇರುವ ಬಡಾವಣೆಯ ಅಂಗಡಿಗೆ ಹೋಗು. ಕಾಲೇಜಿನ ಪಕ್ಕದ್ದನ್ನು ನಿನ್ನಂಥ ನೂರು ಹುಡುಗರು ಆಗಲೇ ಜಾಲಾಡಿರುತ್ತಾರೆ. ಮನಸ್ಸಿಗೆ ಕಸಿವಿಸಿ ಆಗುತ್ತದೆ ಅಂದರೆ ಬಿಟ್ಟುಬಿಡು, ಬಲವಂತ ಏನಿಲ್ಲ. ನಾನಂತೂ ಡ್ರೈಕ್ಲೀನ್ ಮಾಡಿಸಿ, ನಮ್ಮಮ್ಮನಿಗೆ "ಸೇಲ್‌ನಲ್ಲಿ ಸಿಕ್ತು" ಅಂದಿದ್ದೆ. ಸೇಲ್ ಇದ್ದದ್ದು ನಿಜವೇ, ಆ ವಾರ ಹಳದಿ ಚೀಟಿ ಇದ್ದ ಬಟ್ಟೆಗಳಿಗೆಲ್ಲ ಅರ್ಧ ಬೆಲೆ.

ಅಂದಹಾಗೆ, ಗುಡ್‌ವಿಲ್ ಅನ್ನುವ ಥ್ರಿಫ್ಟ್ ಅಂಗಡಿಗಳನ್ನು 1902ರಲ್ಲಿ ಬಾಸ್ಟನ್‌ನಲ್ಲಿ ಶುರು ಮಾಡಿದ್ದು ಎಡ್ಗರ್ ಹೆಲ್ಮ್ಸ್ ಎಂಬ ಮೆಥಡಿಸ್ಟ್ ಪಾದ್ರಿ. ಉಳ್ಳವರ ಮನೆಯಿಂದ ಹಳೇ ಬಟ್ಟೆ ಕೇಳಿ ತರುವುದು, ಕೆಲಸವಿಲ್ಲದ ಬಡವರ ಕೈಲಿ ಅದನ್ನು ರಿಪೇರಿ ಮಾಡಿಸಿ ಮಾರುವುದು, ಬಂದ ದುಡ್ಡಲ್ಲಿ ಅವರಿಗೆ ಕೂಲಿ ಕೊಡುವುದು. ಈಗ ಬಹುಮಟ್ಟಿಗೆ ಬಂದದ್ದನ್ನು ಬಂದ ಹಾಗೇ ತೂಗುಹಾಕುತ್ತಾರೆ, ರಿಪೇರಿ ನಿನ್ನ ತಲೆಗೆ.

ಒಳಗೆ ಹೋದ ಮೇಲೆ ಚೀಟಿಯಲ್ಲಿರುವ ಸೈಜ್ ಓದುತ್ತಾ ನಿಲ್ಲಬೇಡ. ಸಾಲಾಗಿ ತೂಗುಹಾಕಿದ ಕೋಟುಗಳ ತೋಳಿನ ಮೇಲೆ ಕೈ ಆಡಿಸುತ್ತಾ ಹೋಗು. ಪಾಲಿಯೆಸ್ಟರ್ ಜಾರುತ್ತದೆ, ಉಣ್ಣೆ ಕೈಗೆ ಸಿಗುತ್ತದೆ. ಸಿಕ್ಕಿದ್ದನ್ನು ಹಾಕಿ ನೋಡು. ಹೆಗಲಿನ ಹೊಲಿಗೆ ನಿನ್ನ ಹೆಗಲಿನ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಸೊಂಟ ಬಿಗಿ ಮಾಡಬಹುದು, ತೋಳು ಗಿಡ್ಡ ಮಾಡಬಹುದು, ಪ್ಯಾಂಟಿನ ಹಿಂದೆ ಒಳಗೆ ಮಡಚಿಟ್ಟ ಬಟ್ಟೆ ಇದ್ದರೆ ಒಂದೆರಡು ಇಂಚು ಬಿಡಿಸಲೂಬಹುದು. ಹೆಗಲಿಗೆ ಕೈ ಹಾಕಿದರೆ ತೋಳು, ಕಾಲರ್, ಒಳಗೆ ಕೂರಿಸಿದ ಕ್ಯಾನ್ವಾಸ್ ಬಟ್ಟೆ ಎಲ್ಲ ಬಿಚ್ಚಬೇಕು, ಆ ಖರ್ಚಿನಲ್ಲಿ ಹೊಸದೇ ಬರುತ್ತದೆ. 40ಆರ್ ಅಂತ ಬರೆದಿದ್ದರೆ ಎದೆ ಸುತ್ತಳತೆ 40 ಇಂಚಿನವರಿಗೆ, ಸಾಧಾರಣ ಎತ್ತರದವರಿಗೆ ಅಂತ ಅರ್ಥ. ಆದರೆ ಮೊದಲ ಯಜಮಾನ ಅದನ್ನು ಮೂರು ಸಲ ಆಲ್ಟರ್ ಮಾಡಿಸಿರಬಹುದು, ಅದು ಚೀಟಿಯಲ್ಲಿ ಬರೆದಿರುವುದಿಲ್ಲ ಅಲ್ವಾ.

ಇನ್ನೊಂದು ಫಜೀತಿ ಇದೆ. ಕೋಟು ಒಂದು ಸಾಲಿನಲ್ಲಿ, ಅದರ ಪ್ಯಾಂಟು ಮೂರು ಸಾಲು ಆಚೆ ತೂಗುತ್ತಿರುತ್ತದೆ. ಕೋಟನ್ನು ತೋಳಿಗೆ ಹಾಕಿಕೊಂಡು ಪ್ಯಾಂಟುಗಳ ಸಾಲಿನಲ್ಲಿ ಅದೇ ಬಟ್ಟೆ ಹುಡುಕು. ನಾನು ಒಂದು ಸಲ ಮುಕ್ಕಾಲು ಗಂಟೆ ಹುಡುಕಿದ್ದೇನೆ, ಸಿಗಲಿಲ್ಲ.

ನ್ಯೂಜೆರ್ಸಿಯಲ್ಲಿ ಒಂದು ಕೋಟು ಸಿಕ್ಕಿತು. ಒಳಜೇಬಿನೊಳಗಿನ ಲೇಬಲ್ ಮೇಲೆ 1949 ಅಂತಿದೆ. ಅಂದರೆ 1949ರ ಕೋಟು ಅಂತಲೇ ಅಲ್ಲವೇ? ಗೆಳೆಯರೊಬ್ಬರು ಒಳ್ಳೇ ಬೆಲೆಗೆ ಮಾರಬಹುದು ಅಂತಾರೆ.
— ಓದುಗ, ಎಡಿಸನ್

ಇಲ್ಲೇ ಎಲ್ಲರೂ ಎಡವುವುದು. ನಾನೂ ಎಡವಿದ್ದೆ.

ನೀವು ನೋಡಿದ್ದು ದರ್ಜಿ ಕಾರ್ಮಿಕರ ಸಂಘದ ಲೇಬಲ್. ಅಮಾಲ್ಗಮೇಟೆಡ್ ಕ್ಲೋದಿಂಗ್ ವರ್ಕರ್ಸ್ ಆಫ್ ಅಮೆರಿಕ ಅನ್ನುವ ಸಂಘ, ಗಂಡಸರ ಸೂಟು ಹೊಲಿಯುವ ಕಾರ್ಖಾನೆಗಳಲ್ಲಿ ಬಲವಾಗಿತ್ತು. ಸಂಘದವರು ಹೊಲಿದ ಕೋಟು ಅಂತ ಗುರುತಿಗೆ ಒಳಜೇಬಿನಲ್ಲಿ ಈ ಚಿಕ್ಕ ಚೀಟಿ. ಅದರ ಮೇಲಿನ ಇಸವಿ ಕೋಟಿನದ್ದಲ್ಲ, ಚೀಟಿಯ ಆ ವಿನ್ಯಾಸದ್ದು. 1949ರ ಚೀಟಿಯನ್ನು 1962ರಲ್ಲಿ ಹೊಸದು ಬರುವವರೆಗೂ ಹೊಲಿಯುತ್ತಲೇ ಇದ್ದರು. 1962 ಅಂತ ಇದ್ದರೆ ಅದು 1976ರವರೆಗಿನದ್ದು, ಆ ವರ್ಷ ಸಂಘ ಇನ್ನೊಂದರ ಜೊತೆ ಸೇರಿ ಹೆಸರೇ ಬದಲಾಯಿತು. ಹಾಗಾಗಿ ನಿಮ್ಮದು 1949ರಿಂದ 1962ರೊಳಗೆ ಯಾವಾಗಲಾದರೂ ಹೊಲಿದಿರಬಹುದು.

ಹದಿಮೂರು ವರ್ಷದ ಅಂತರ ಇದು, ಸಣ್ಣದಲ್ಲ. ಅದನ್ನು ಕಿರಿದು ಮಾಡಲು ಕೋಟನ್ನೇ ನೋಡಬೇಕು. ಲ್ಯಾಪೆಲ್, ಅಂದರೆ ಕಾಲರಿನ ಕೆಳಗೆ ಎದೆಯ ಮೇಲೆ ಹೊರಕ್ಕೆ ಮಡಚಿದ ಪಟ್ಟಿ, ಅಗಲ ಇದ್ದು, ಹೆಗಲು ತುಂಬಿಕೊಂಡು, ಮೈ ಸಡಿಲ ಇದ್ದರೆ ಐವತ್ತರ ದಶಕದ ಶುರುವಿನ ಕಡೆಗೆ. ಲ್ಯಾಪೆಲ್ ಎರಡು ಬೆರಳಿನಷ್ಟು ಸಣ್ಣಗಾಗಿದ್ದರೆ ಅರವತ್ತರ ಹತ್ತಿರ. ಬೇರೆ ಕೋಟುಗಳಾದರೆ, ಒಳಗಡೆ ಉಣ್ಣೆಯ ಉಂಡೆಯಂಥ ವೂಲ್‌ಮಾರ್ಕ್ ಗುರುತು ಇದ್ದರೆ 1964ಕ್ಕಿಂತ ಹಳೆಯದಲ್ಲ, ಆ ಗುರುತು ಹುಟ್ಟಿದ್ದೇ ಆಗ. ಹೇಗೆ ಒಗೆಯಬೇಕು ಅನ್ನುವ ಚೀಟಿ ಹೊಲಿದಿದ್ದರೆ ಬಹುತೇಕ 1972ರ ನಂತರದ್ದು, ಅಮೆರಿಕದಲ್ಲಿ ಅದು ಕಡ್ಡಾಯವಾದದ್ದು ಆ ವರ್ಷ. ಆರ್‌ಎನ್ ಅಂತ ಒಂದು ನಂಬರು ಇರುತ್ತದೆ, ಅದು ಕಂಪನಿಯ ನೋಂದಣಿ ನಂಬರು ಅಷ್ಟೇ, ಕೋಟಿನ ವಯಸ್ಸಲ್ಲ.

ಮಾರುವ ಮಾತು ಬಿಡಿ. ಚೆನ್ನಾಗಿ ಕೂತರೆ ಹಾಕಿಕೊಳ್ಳಿ. ವಿಂಟೇಜ್ ಅನ್ನುವ ಪದ ಸೇರಿಸಿ ಬೆಲೆ ಮೂರುಪಟ್ಟು ಮಾಡುವ ಜನ ಈಗಲೇ ಸಾಕಷ್ಟಿದ್ದಾರೆ.

ಮಗಳ ಮನೆಗೆ ಲೆಸ್ಟರ್‌ಗೆ ಬಂದಿದ್ದೇವೆ. ಇಲ್ಲಿನ ಚಾರಿಟಿ ಅಂಗಡಿಗಳಲ್ಲಿ ಏನು ಹುಡುಕಬೇಕು?
— ನಿವೃತ್ತ ಮೇಷ್ಟ್ರು, ಸದ್ಯಕ್ಕೆ ಇಂಗ್ಲೆಂಡ್

ಮೇಷ್ಟ್ರೇ, ಅಲ್ಲಿ ಕೋಟಿನ ಒಳಜೇಬಿಗೆ ಕೈ ಹಾಕಿ. ಅಳತೆ ಕೊಟ್ಟು ಹೊಲಿಸಿದ ಇಂಗ್ಲಿಷ್ ಸೂಟುಗಳಲ್ಲಿ ಜೇಬಿನೊಳಗೆ ಒಂದು ಚೀಟಿ ಇರುತ್ತದೆ, ಅದರ ಮೇಲೆ ಗಿರಾಕಿಯ ಹೆಸರು, ತಾರೀಖು ಬರೆದಿರುತ್ತಾರೆ. ಅಮೆರಿಕದವರ ಹಾಗೆ ಊಹೆ ಮಾಡುವ ಕಷ್ಟವೇ ಇಲ್ಲ. ಸಿಸಿ41 ಅನ್ನುವ ಗುರುತು ಕಂಡರೆ ಬಿಡಬೇಡಿ, ಎರಡನೇ ಮಹಾಯುದ್ಧದಲ್ಲಿ ಬಟ್ಟೆಗೂ ರೇಷನ್ ಇದ್ದಾಗ ಶುರುವಾದ ಸರ್ಕಾರಿ ಮುದ್ರೆ ಅದು, 1941ರಿಂದ 1952ರವರೆಗಿನದ್ದು. ಬಟ್ಟೆ ಉಳಿಸಲಿಕ್ಕೆ ಪ್ಯಾಂಟಿನ ಕಾಲಿನ ತುದಿಯಲ್ಲಿ ಹೊರಗೆ ಮಡಚುವುದನ್ನೂ 1942ರಲ್ಲಿ ಆ ಸರ್ಕಾರ ನಿಷೇಧಿಸಿತ್ತು. ಗಂಡಸರು ಸುಮ್ನೆ ಬಿಡುತ್ತಾರೆಯೇ, ಬೇಕೆಂದೇ ಉದ್ದದ ಪ್ಯಾಂಟು ಕೊಂಡು ಮನೆಯಲ್ಲಿ ಮಡಚಿ ಹೊಲಿಸಿಕೊಂಡರು.

ಹಳೇ ಸೂಟಲ್ಲಿ ಯಾವ ದೋಷ ಇದ್ದರೆ ವಾಪಸ್ ಇಟ್ಟುಬಿಡಬೇಕು? ಇಂಥದ್ದೇ ಅಂತ ಹೇಳಿ.
— ಗೃಹಿಣಿ, ಡಲ್ಲಾಸ್ (ಯಜಮಾನರಿಗೆ ಹುಚ್ಚು ಹಿಡಿದಿದೆ)

ಒಂದು, ನುಸಿ. ಷಿಕಾಗೋದಲ್ಲಿದ್ದಾಗ ಒಂದು ಬೂದು ಬಣ್ಣದ ಫ್ಲಾನೆಲ್ ಸೂಟನ್ನು ಮಂದ ಬೆಳಕಲ್ಲಿ ನೋಡಿ ಕೊಂಡೆ, ಅದನ್ನೇ ಹಾಕಿಕೊಂಡು ಯುಗಾದಿ ಕಾರ್ಯಕ್ರಮಕ್ಕೆ ಹೋದೆ. ಊಟದ ಸಾಲಿನಲ್ಲಿ ಹಿಂದೆ ನಿಂತಿದ್ದ ಐದು ವರ್ಷದ ಹುಡುಗಿ ಎಲ್ಲರಿಗೂ ಕೇಳುವ ಹಾಗೆ, "ಅಂಕಲ್, ನಿಮ್ಮ ಪ್ಯಾಂಟಲ್ಲಿ ಕಿಟಕಿ ಇದೆ" ಅಂದಳು. ಹೋಳಿಗೆ ಬಿಟ್ಟು ಹೊರಟು ಬಂದೆ. ಅಂದಿನಿಂದ ಪ್ಯಾಂಟಿನ ಹಿಂಭಾಗ, ಕಂಕುಳು, ಕಾಲರಿನ ಕೆಳಗೆ, ಎಲ್ಲವನ್ನೂ ಅಂಗಡಿಯ ಕಿಟಕಿಗೆ ಹಿಡಿದು ನೋಡುತ್ತೇನೆ. ಒಂದು ತೂತಾದರೆ ಡಾರ್ನಿಂಗ್, ಅಂದರೆ ದಾರದಿಂದ ನೇಯ್ದ ಹಾಗೆ ಮುಚ್ಚಿಸುವುದು, ಮಾಡಿಸಬಹುದು, ನಾಲ್ಕಿದ್ದರೆ ಬೇಡ. ತಂದದ್ದನ್ನು ಸೀದಾ ಬೀರುವಿಗೆ ಸೇರಿಸಲೂ ಬೇಡಿ, ನುಸಿಯ ಮೊಟ್ಟೆ ಇದ್ದರೆ ನಿಮ್ಮ ರೇಷ್ಮೆ ಸೀರೆಗೂ ಬರುತ್ತದೆ. ಮೊದಲು ಡ್ರೈಕ್ಲೀನ್. ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದ ಹಾಗೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ.

ಎರಡನೆಯದು ಲ್ಯಾಪೆಲ್ ಮೇಲಿನ ಗುಳ್ಳೆ. ಒಳ್ಳೇ ಕೋಟಿನ ಎದೆಯೊಳಗೆ ಕ್ಯಾನ್ವಾಸ್ ಬಟ್ಟೆಯನ್ನು ಹೊಲಿದು ಕೂರಿಸಿರುತ್ತಾರೆ. ಅಗ್ಗದ್ದರಲ್ಲಿ ಅಂಟು ಹಾಕಿ ಇಸ್ತ್ರಿ ಒತ್ತಿ ಅಂಟಿಸಿರುತ್ತಾರೆ, ವರ್ಷ ಕಳೆದ ಮೇಲೆ ಅಂಟು ಬಿಟ್ಟು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಏಳುತ್ತದೆ. ಅದಕ್ಕೆ ಔಷಧಿ ಇಲ್ಲ. ಗುಂಡಿ ಹತ್ತಿರ ಹೊರಗಿನ ಬಟ್ಟೆ, ಒಳಗಿನ ಬಟ್ಟೆ ಎರಡನ್ನೂ ಚಿವುಟಿ ಬೇರೆ ಮಾಡಿ ನೋಡಿ, ನಡುವೆ ಮೂರನೆಯ ಪದರ ಬಿಡಿಯಾಗಿ ಓಡಾಡಿದರೆ ಕ್ಯಾನ್ವಾಸ್ ಕೋಟು. ಯಜಮಾನರು ಅದನ್ನು ತಂದರೆ ಬೈಯಬೇಡಿ.

ಗುಂಡಿ ಹೋಗಿದ್ದು, ಲೈನಿಂಗ್ ಹರಿದಿದ್ದು, ಇವೆಲ್ಲ ದೋಷವೇ ಅಲ್ಲ.

ನಮ್ಮೂರಲ್ಲಿ ಇಂಥ ಅಂಗಡಿ ಏಕಿಲ್ಲ? ಅಪ್ಪನ ಆರತಕ್ಷತೆಯ ಟೆರಿವೂಲ್ ಸೂಟು, 1974ರದ್ದು, ಟ್ರಂಕಿನಲ್ಲಿದೆ. ನನ್ನ ಮದುವೆಗೆ ಹಾಕಿಕೊಳ್ಳಬಹುದಾ?
— ಮದುಮಗ, ಮೈಸೂರು

ಹೊರದೇಶದ ಹಳೇ ಬಟ್ಟೆಯನ್ನು ಮಾರಾಟಕ್ಕೆ ತರಿಸಲು ನಮ್ಮಲ್ಲಿ ಲೈಸೆನ್ಸ್ ಬೇಕು. ಗುಜರಾತಿನ ಕಂಡ್ಲಾದಲ್ಲಿ ವಿಂಗಡಿಸುವ ಘಟಕಗಳಿವೆ, ಅಲ್ಲಿಂದ ಬಹಳಷ್ಟು ಮತ್ತೆ ಹೊರದೇಶಕ್ಕೇ ಹೋಗುತ್ತದೆ. ಉಣ್ಣೆ ಕೋಟುಗಳು, ಯಾರೂ ಹಾಕಿಕೊಳ್ಳಬಾರದು ಅಂತ ಕತ್ತರಿಸಿದ ಸ್ಥಿತಿಯಲ್ಲಿ, ಹರಿಯಾಣದ ಪಾಣಿಪತ್‌ಗೆ ಬಂದು ನೂಲಾಗಿ ಕಂಬಳಿಯಾಗುತ್ತವೆ. ಷಿಕಾಗೋದಲ್ಲಿ ನಾನು ಕೈಬಿಟ್ಟ ಕೋಟು ನಿಮ್ಮ ರೈಲು ಪ್ರಯಾಣದಲ್ಲಿ ಕಂಬಳಿಯಾಗಿ ಸಿಕ್ಕಿದ್ದರೂ ಸಿಕ್ಕಿರಬಹುದು.

ಅಪ್ಪನ ಸೂಟು ಖಂಡಿತ ಹಾಕಿಕೊಳ್ಳಿ, ಹೆಗಲು ಕೂತರೆ. 1974 ಅಂದರೆ ಲ್ಯಾಪೆಲ್ ಅಂಗೈ ಅಗಲ, ಪ್ಯಾಂಟು ಬೆಲ್‌ಬಾಟಮ್ ಇರುತ್ತದೆ. ಪ್ಯಾಂಟಿನ ಕಾಲು ಕಿರಿದು ಮಾಡಿಸಬಹುದು, ಲ್ಯಾಪೆಲ್ ತಂಟೆಗೆ ಮಾತ್ರ ಹೋಗಬೇಡಿ. ಅದನ್ನು ಕತ್ತರಿಸಿದರೆ ಕೋಟಿನ ಮುಖವೇ ಕೆಡುತ್ತದೆ, ಅಪ್ಪನೂ ಫೋಟೋದಲ್ಲಿ ತಮ್ಮ ಸೂಟು ಗುರುತಿಸುವುದಿಲ್ಲ. ಹೆಗಲು ಕೂರದಿದ್ದರೆ ತಮ್ಮನಿಗೆ ಕೊಟ್ಟು ನೋಡಿ. ಇಂದೇ ಟ್ರಂಕಿನಿಂದ ತೆಗೆದು, ಬಿಸಿಲಿಗಲ್ಲ, ನೆರಳಲ್ಲಿ ಗಾಳಿಗೆ ಹಾಕಿ. ಡಾಂಬರು ಗುಳಿಗೆಯ ವಾಸನೆ ಎರಡು ದಿನಕ್ಕೆ ಬಿಡುವಂಥದ್ದಲ್ಲ, ಮದುವೆಗೆ ಒಂದು ತಿಂಗಳಾದರೂ ಇರುವಾಗಲೇ ಶುರು ಮಾಡಿ.