ರೆಪ್ಪೆ ಒಳಕ್ಕೆ ತಿರುಗಿದ್ರೆ ಕೂದಲು ಕಿತ್ತು ಏನೂ ಪ್ರಯೋಜನ ಇಲ್ಲ

ಪ್ರಶ್ನೆ: ಡಾಕ್ಟ್ರೇ, ಶ್ರೀನಿವಾಸಪುರದ ಹತ್ರ ಹಳ್ಳಿ ನಮ್ದು. ನಮ್ಮತ್ತೆಗೆ 72 ವರ್ಷ. ಆರು ತಿಂಗಳಿಂದ ಬಲಗಣ್ಣಲ್ಲಿ ನೀರು ಸುರೀತಾನೇ ಇದೆ, ಮರಳು ಬಿದ್ದಂಗೆ ಚುಚ್ಚುತ್ತೆ ಅಂತಾರೆ. ಕೆಳಗಿನ ರೆಪ್ಪೆ ಒಳಕ್ಕೆ ಮಡಚ್ಕೊಂಡು ಕೂದಲೆಲ್ಲ ಕಣ್ಣಿಗೆ ತಾಗ್ತಿದೆ. ಆಗಾಗ ನಾನೇ ಚಿಮ್ಟದಲ್ಲಿ ಕಿತ್ತು, ಮೆಡಿಕಲ್ ಶಾಪಿಂದ ತಂದ ಡ್ರಾಪ್ಸ್ ಹಾಕ್ತೀನಿ. ಪೊರೆ ಆಪರೇಷನ್ ಒಂದ್ಸಲ ಆಗಿದೆ, ಇನ್ನೊಂದು ಬೇಡ್ವೇ ಬೇಡ ಅಂತ ಹಠ ಅವರದು. ಏನ್ ಮಾಡ್ಲಿ?

ಉತ್ತರ: ಮೊದಲು ಆ ಚಿಮ್ಟ ಎತ್ತಿಡಿ ತಾಯಿ. ಕಿತ್ತ ಕೂದಲು ಕೆಲವೇ ವಾರದಲ್ಲಿ ಮತ್ತೆ ಬರುತ್ತೆ, ಬರುವಾಗ ಗಿಡ್ಡಕ್ಕೆ ಗಡುಸಾಗಿ ಇರೋದ್ರಿಂದ ಮೊದಲಿಗಿಂತ ಜಾಸ್ತಿ ಚುಚ್ಚಬಹುದು. ನಿಮ್ಮತ್ತೆ ಕೂದಲು ಸರಿಯಾಗೇ ಇದೆ, ಸಡಿಲ ಆಗಿರೋದು ರೆಪ್ಪೆ.

ಇದಕ್ಕೆ ಎಂಟ್ರೋಪಿಯನ್ ಅಂತೀವಿ. ಕೆಳರೆಪ್ಪೆನ ಎರಡು ಮೂಲೆಲೂ ಬಿಗಿಯಾಗಿ ಹಿಡಿದಿರೋ ಪಟ್ಟಿ, ಕೆಳಕ್ಕೆ ಎಳೆದಿಡೋ ನಾರಿನಂಥ ಇನ್ನೊಂದು ಪದರ, ಇವೆರಡೂ ವಯಸ್ಸಾದಂಗೆ ಹಳೇ ಲಂಗದ ಎಲಾಸ್ಟಿಕ್ ಥರ ಜೋಲ್ತವೆ, ಆಗ ಕಣ್ಣು ಮುಚ್ಚೋ ಸ್ನಾಯು ಮೇಲಕ್ಕೆ ಹತ್ಕೊಂಡು ರೆಪ್ಪೆ ಅಂಚನ್ನ ಒಳಕ್ಕೆ ಉರುಳಿಸಿಬಿಡುತ್ತೆ. ಚುಚ್ಚಿದ್ದಕ್ಕೆ ಅವರು ಕಣ್ಣು ಬಿಗಿಯಾಗಿ ಮುಚ್ತಾರೆ, ಮುಚ್ಚಿದಷ್ಟೂ ಇನ್ನೂ ತಿರುಗುತ್ತೆ. ಬೆರಳಲ್ಲಿ ಕೆನ್ನೆ ಕಡೆ ಮೆಲ್ಲಗೆ ಎಳೆದು ಬಿಡಿ, ರೆಪ್ಪೆ ನೆಟ್ಟಗೆ ನಿಂತು, ಗಟ್ಟಿಯಾಗಿ ಕಣ್ಣು ಮುಚ್ಚಿ ಬಿಟ್ಟ ಕೂಡ್ಲೇ ಮತ್ತೆ ಮಡಚಿದ್ರೆ ಬಹುಪಾಲು ವಯಸ್ಸಿಂದ್ಲೇ ಬಂದಿರೋದು. ಎಳೆದ್ರೂ ಬರ್ದೆ ಇದ್ರೆ ಒಳಗೆ ಗಾಯದ ಕಲೆ ಇರಬಹುದು. ಎಲೆಅಡಿಕೆ ಸುಣ್ಣ ಕಣ್ಣಿಗೆ ಸಿಡಿದವ್ರಲ್ಲಿ ಹಿಂಗಾಗುತ್ತೆ, ಟ್ರಕೋಮ ಅನ್ನೋ ಅಂಟು ಕಣ್ಣಿನ ರೋಗ ಬಂದವ್ರಿಗೂ ಆಗುತ್ತೆ, ಆದ್ರೆ ಟ್ರಕೋಮದಲ್ಲಿ ಸಾಮಾನ್ಯವಾಗಿ ಮೇಲಿನ ರೆಪ್ಪೆ. ಅದು ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಅಂತ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿದೆ.

ಡಾಕ್ಟರ್ ಹತ್ರ ಹೋಗೋವರೆಗೂ ಒಂದು ಉಪಾಯ: ಗಾಯದ ಪಟ್ಟಿಗೆ ಅಂಟಿಸೋ ಪೇಪರ್ ಟೇಪ್ ತಗೊಂಡು ಒಂದು ತುದಿ ಕೂದಲಿಗಿಂತ ಸ್ವಲ್ಪ ಕೆಳಗೆ ಅಂಟಿಸಿ, ಕೆಳಕ್ಕೆ ಎಳೆದು ಇನ್ನೊಂದು ತುದಿ ಕೆನ್ನೆಗೆ ಅಂಟಿಸಿ. ಕಣ್ಣು ಪೂರ್ತಿ ಮುಚ್ಚೋಕೆ ಬರ್ಬೇಕು, ಅಷ್ಟು ನೋಡ್ಕೊಳ್ಳಿ. ಕಣ್ಣೀರಿನಂಥ ಲೂಬ್ರಿಕೆಂಟ್ ಡ್ರಾಪ್ಸ್ ಹಾಕಬಹುದು. ಆದ್ರೆ ನೀವೀಗ ಹಾಕ್ತಿರೋ ಬಾಟ್ಲಿಲಿ ಸ್ಟಿರಾಯ್ಡ್ (ಕೆಂಪು, ಊತ ಇಳಿಸೋ ಔಷಧಿ) ಇದೆಯಾ ಅಂತ ಇವತ್ತೇ ಕೇಳಿ, ನಂಗೆ ಜಾಸ್ತಿ ಭಯ ಇರೋದು ಅದರದ್ದೇ. ಕೂದಲು ಗೀರಿದ ಕರಿಗುಡ್ಡೆಗೆ ತೋಟದ ಧೂಳು ಸೇರಿ ಫಂಗಸ್ ಹತ್ತಿರೋವಾಗ ಸ್ಟಿರಾಯ್ಡ್ ಬಿದ್ರೆ ದೃಷ್ಟಿನೇ ಹೋಗಬಹುದು.

ಪರ್ಮನೆಂಟಾಗಿ ಸರಿ ಮಾಡೋದು ಆಪರೇಷನ್ನೇ. ಅತ್ತೆಗೆ ಹೇಳಿ, ಕಣ್ಣೊಳಗೆ ಕೈ ಹಾಕಲ್ಲ, ಪೊರೆಗೆ ಹಾಕಿದ ಲೆನ್ಸ್ ಮುಟ್ಟಲ್ಲ, ರೆಪ್ಪೆಗೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಬಿಗಿ ಮಾಡ್ತಾರೆ, ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಮೊದಲೇ ತಿಳಿಸಿ. ಕೆಲವ್ರಿಗೆ ವರ್ಷಗಳ ಮೇಲೆ ಮತ್ತೆ ಮಡಚೋದುಂಟು, ಸುಳ್ಳು ಹೇಳಲ್ಲ.

ಕೋಲಾರದ ಜಿಲ್ಲಾ ಆಸ್ಪತ್ರೆ ಕಣ್ಣಿನ ವಿಭಾಗದಲ್ಲಿ ತೋರಿಸಿ, ಬೇಕಿದ್ರೆ ಬೆಂಗಳೂರಿಗೆ ಬರೆದುಕೊಡ್ತಾರೆ. ಕಣ್ಣು ಕೆಂಪಾಗಿ ನೋವು ಜಾಸ್ತಿ ಆದ್ರೆ, ಮಂಜಾದ್ರೆ, ಕರಿಗುಡ್ಡೆ ಮೇಲೆ ಬಿಳೀ ಚುಕ್ಕೆ ಕಂಡ್ರೆ ಮಾತ್ರ ಸಂತೆ, ಹಬ್ಬ ಅಂತ ನೋಡ್ದೆ ಅವತ್ತೇ ಹೊರಡಿ.