ಬಿಸ್ಕತ್ತು ಕಂಡರೆ ಮಾತ್ರ ಬರುವ ಕರಿಯ

(ಮನೆಯವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದ ಮನೆ. ಗಂಡ, ಹೆಂಡತಿ, ಸೈನ್ಯದಿಂದ ನಿವೃತ್ತರಾದ ಮಾವ. ಜೊತೆಗೆ ಎರಡು ವರ್ಷದ ಗಂಡು ನಾಯಿ, ಲ್ಯಾಬ್ರಡಾರ್ ಮತ್ತು ನಾಡು ನಾಯಿಯ ಮಿಶ್ರ ತಳಿ. ಕರಿಯ ಅನ್ನೋಣ. ತೋಟಕ್ಕೆ ಬಿಟ್ಟರೆ ಕರೆದಾಗ ಬರುವುದಿಲ್ಲ, ನಾಯಿಗಳಿಗೆ ಕಲಿಸುವ ನನ್ನನ್ನು ಕರೆಸಿದ್ದು ಇದೇ ದೂರಿಗೆ.

ಕೊಡಗಿನಲ್ಲಿ ಇದು ಸಣ್ಣ ದೂರಲ್ಲ. ತೋಟಕ್ಕೆ ಆನೆ ಬರುತ್ತದೆ. ಆನೆಯನ್ನು ಬೊಗಳಿ ಕೆಣಕಿದ ನಾಯಿ ಹೆದರಿದಾಗ ಓಡಿ ಬರುವುದು ಮನೆಯವರ ಕಾಲ ಬುಡಕ್ಕೇ. ಹಿಂದೆಯೇ ಆನೆಯೂ ಬರಬಹುದು. ಕಾಡುಹಂದಿಗೆ ಕದ್ದು ಕಟ್ಟಿದ ಉರುಳಿಗೆ ನಾಯಿ ಸಿಕ್ಕಿಬೀಳುವುದೂ ಉಂಟು. ಕರೆದ ತಕ್ಷಣ ಬರುವ ನಾಯಿ ತಾನೂ ಉಳಿಯುತ್ತದೆ, ಮನೆಯವರನ್ನೂ ಉಳಿಸುತ್ತದೆ.

ಸೊಸೆ ಹೇಳಿದ್ದು: "ಬಿಸ್ಕತ್ತು ಕೊಟ್ಟು ಕಲಿಸಿದೆ ಮೇಡಂ. ಹೊರಗೆ ಹೋದ್ರೆ ಮೊದಲು ನನ್ನ ಕೈ ನೋಡ್ತಾನೆ. ಇದ್ರೆ ಬರ್ತಾನೆ, ಇಲ್ಲಾಂದ್ರೆ ತಿರುಗಿ ಹೋಗ್ತಾನೆ."

ಮಾವ ಹೇಳಿದ್ದು: "ಇದು ಲಂಚ. ಮೊದಲ ದಿನವೇ ಗದರಿಸಿದ್ದರೆ ಹೀಗಾಗ್ತಿರಲಿಲ್ಲ."

ನಾಯಿಯ ನೆಪದಲ್ಲಿ ಇಬ್ಬರೂ ಊಟದ ಹೊತ್ತಿಗೆ ಮಾತು ಬಿಟ್ಟಿದ್ದರು. ನಡುವೆ ಮಗ ಬೆಂದು ಹೋಗಿದ್ದ.

ದಿನವೂ ಹೇಗೆ ಕರೀತೀರೋ ಹಾಗೇ ಕರೆಯಿರಿ ಅಂದೆ, ಜಗಲಿಯಲ್ಲಿ ಕೂತು ನೋಡಿದೆ. ಸೊಸೆ ಮೊದಲು ಬಿಸ್ಕತ್ತಿನ ಪೊಟ್ಟಣ ಸದ್ದು ಮಾಡಿದರು. ಆಮೇಲೆ "ಬಾ" ಅಂದರು. ಕರಿಯ ಬಂದ. ಒಂದು ಕೈಯಲ್ಲಿ ಬಿಸ್ಕತ್ತು ಕೊಟ್ಟು, ಇನ್ನೊಂದು ಕೈಯಲ್ಲಿ ಚೈನು ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಬಿಟ್ಟು, ಮಾವ ಕೋಲು ಹಿಡಿದು ಜೋರಾಗಿ ಕರೆದರು. ನಾಯಿ ಅರ್ಧ ದಾರಿ ಬಂದು ಕೂತಿತು. ಕೊನೆಗೆ ತೆವಳುತ್ತಾ ಬಂದಾಗ ಬೈಗುಳ.

ನನಗೆ ಕಾರಣ ಅಲ್ಲೇ ಕಂಡಿತು. ತಿಂಡಿಯಲ್ಲಿ ತಪ್ಪಿರಲಿಲ್ಲ, ಅದು ಬರುವ ಹೊತ್ತಿನಲ್ಲಿ ತಪ್ಪಿತ್ತು. ಮೊದಲು ತೋರಿಸಿದ್ದರಿಂದ ಪೊಟ್ಟಣದ ಸದ್ದೇ ಅವನಿಗೆ ಕರೆಯಾಗಿಬಿಟ್ಟಿತ್ತು. ಬರೀ ‘ಬಾ’ಗೆ ಬೇರೆಯೇ ಅರ್ಥ: ಸೊಸೆ ಕರೆದರೆ ಚೈನು, ಮಾವ ಕರೆದರೆ ಬೈಗುಳ. ಅವನ ಜಾಗದಲ್ಲಿ ಯಾರಿದ್ದರೂ ತಿರುಗಿ ಹೋಗುತ್ತಿದ್ದರು, ಅಲ್ವಾ? 1898ರಲ್ಲಿ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಹೊರಗೆ ಮೀನಿಟ್ಟು ನೋಡಿದ್ದರು. ಬಾಗಿಲು ತೆರೆದ ಮೇಲೆ ಮೀನು ಸಿಕ್ಕಿತು ಅಂತಾದರೆ, ಬಾಗಿಲು ತೆರೆಸಿದ ಕೆಲಸವನ್ನು ಬೆಕ್ಕು ಬರಬರುತ್ತಾ ಬೇಗ ಮಾಡುತ್ತಿತ್ತು. ಕೆಲಸ ಮೊದಲು, ಸಿಹಿ ಆಮೇಲೆ. ಮಾವನ ‘ಲಂಚ’ ಎಂಬ ಮಾತಿನಲ್ಲೂ ಸತ್ಯವಿದೆ ಎಂದು ಸೊಸೆಯ ಎದುರಿಗೇ ಹೇಳಿದೆ. ಮುಂಚೆ ತೋರಿಸಿದ್ದು ಲಂಚವೇ. ಆದರೆ ಅದಕ್ಕೆ ಗದರಿಕೆ ಮದ್ದಲ್ಲ. ತಡವಾಗಿ ಬಂದರೂ ಬಂದ ನಾಯಿಗೆ ಬೈದರೆ, ಬಂದಿದ್ದಕ್ಕೇ ಬೈದ ಹಾಗೆ.

ಮೊದಲ ಸಲಹೆ, ‘ಬಾ’ ಶಬ್ದವನ್ನೇ ಬಿಡಿ. ಅದು ಕೆಟ್ಟುಹೋಗಿದೆ. ಒಂದು ಸಿಳ್ಳೆ ಆರಿಸಿಕೊಂಡೆವು, ಮೂವರೂ ಒಂದೇ ರೀತಿ ಊದಬೇಕು. ಕೈಯಲ್ಲಿ ತಿಂಡಿ ಕಾಣಬಾರದು. ಜೇಬಿನಲ್ಲೋ ಜಗಲಿಯ ಡಬ್ಬಿಯಲ್ಲೋ ಇರಲಿ. ಸಿಳ್ಳೆ, ನಾಯಿ ಬರುವುದು, ತಕ್ಷಣ "ಭಲೇ", ಆಮೇಲೆ ತಿಂಡಿ. ಒಂದೆರಡು ಸೆಕೆಂಡಿಗಿಂತ ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅವನಿಗೆ ತಿಳಿಯುವುದಿಲ್ಲ. ತಿಂದ ಮೇಲೆ ಮತ್ತೆ ಆಡಲು ಬಿಡಿ. ಇದನ್ನು ನಾನು ಜಾಸ್ತಿ ಒತ್ತಿ ಹೇಳಿದೆ, ಏಕೆಂದರೆ ಜನ ಇದನ್ನೇ ಮರೆಯುತ್ತಾರೆ. ಕರೆದದ್ದು ಪ್ರತಿ ಸಲವೂ ಕಟ್ಟುವುದರಲ್ಲಿ ಮುಗಿದರೆ ಯಾವ ತಿಂಡಿಯೂ ಸಾಲದು.

ಮೊದಲು ನಡುಮನೆಯಲ್ಲಿ, ಆಮೇಲೆ ಕಾಫಿ ಒಣಗಿಸುವ ಕಣದಲ್ಲಿ, ಕೊನೆಗೆ ಉದ್ದ ಹಗ್ಗ ಕಟ್ಟಿ ತೋಟದ ಅಂಚಿನಲ್ಲಿ. ಅವಸರ ಬೇಡ. ಬರಲಾರ ಅನ್ನಿಸಿದ ಹೊತ್ತಿನಲ್ಲಿ ಸುಮ್ನೆ ಸಿಳ್ಳೆ ಊದಬೇಡಿ.

ಕಣದಲ್ಲಿ ಕಾಫಿ ಹರಡಿದ ದಿನ ನಾಯಿಯನ್ನು ಅತ್ತ ಬಿಡಬೇಡಿ. ಕೆಫೀನ್ ನಾಯಿಗೆ ವಿಷ. ತಿಂಡಿಗೆ ಉಪ್ಪು ಖಾರ ಇಲ್ಲದ ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಬಟಾಣಿ ಕಾಳಿನಷ್ಟು ತುಂಡು ಸಾಕು. ದಿನದ ಆಹಾರದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತಿಂಡಿ ಬೇಡ, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಪ್ರೀತಿಯಿಂದ ಹಾಕುವ ಪಂದಿ ಕರಿ (ಕೊಡಗಿನ ಹಂದಿಮಾಂಸದ ಅಡುಗೆ) ಖಂಡಿತ ಬೇಡ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ, ಕೊಬ್ಬು ಮೇದೋಜೀರಕ ಗ್ರಂಥಿಯನ್ನು ಕೆಡಿಸಬಹುದು, ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಸದಾ ತಿನ್ನುವ ನಾಯಿ ಇದ್ದಕ್ಕಿದ್ದಂತೆ ತಿಂಡಿ ಬಿಟ್ಟರೆ ಹಟ ಅಂದುಕೊಳ್ಳದೆ ಪಶುವೈದ್ಯರಿಗೆ ತೋರಿಸಿ. ಉಣ್ಣಿ ಕಚ್ಚಿ ಬರುವ ಜ್ವರ ಇರಬಹುದು.

ತಿಂಡಿಯ ಡಬ್ಬಿಯನ್ನು ಮಾವನ ಕೈಗೇ ಕೊಟ್ಟೆ. ಅವರು ಒಪ್ಪಲಿಲ್ಲ. "ಸಮಯ ಪಾಲಿಸುವುದರಲ್ಲಿ ಈ ಮನೆಯಲ್ಲಿ ನಿಮ್ಮಷ್ಟು ಕಟ್ಟುನಿಟ್ಟು ಯಾರು ಹೇಳಿ?" ಅಂದೆ. ಸೊಸೆ ತಾನಾಗಿಯೇ, "ಮಾವ, ನೀವೇ ಮೊದಲು ಊದಿ" ಅಂದರು. ನಾಯಿಗಿಂತ ಮೊದಲು ಬದಲಾದದ್ದು ಆ ಮನೆಯ ಮಾತುಕತೆ.

ಮುಂದಿನ ಭೇಟಿಯ ಹೊತ್ತಿಗೆ ಕರಿಯ ಕಣದಲ್ಲಿ ಸಿಳ್ಳೆಗೆ ಓಡಿ ಬರುತ್ತಿದ್ದ. ಕೈ ನೋಡುವುದು ಕಡಿಮೆಯಾಗಿತ್ತು. ಕೂರು, ನಿಲ್ಲು ಇಂಥವಕ್ಕೆ ಕಲಿತ ಮೇಲೆ ಒಮ್ಮೆ ಕೊಟ್ಟು ಒಮ್ಮೆ ಬಿಡಬಹುದು ಅಂದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದಿದ್ದರೆ ಅಭ್ಯಾಸ ಗಟ್ಟಿಯಾಗಿ ಉಳಿಯುತ್ತದೆ. ಕರೆದಾಗ ಬಂದಿದ್ದಕ್ಕೆ ಮಾತ್ರ ಜಿಪುಣತನ ಬೇಡ.

ತೋಟದೊಳಗೆ ಮಂಗ, ಕೇರೆ ಹಾವು ಕಂಡಾಗ ಈಗಲೂ ಸಿಳ್ಳೆ ಸೋಲುತ್ತದೆ. ಹಗ್ಗ ಇನ್ನೂ ಬಿಚ್ಚಬೇಡಿ ಅಂದಿದ್ದೇನೆ. ಆನೆ ಬಂದಿದೆ ಎಂದು ವಾಟ್ಸಾಪ್‌ನಲ್ಲಿ ಸುದ್ದಿ ಬಂದ ದಿನ, ಎಷ್ಟೇ ಚೆನ್ನಾಗಿ ಕಲಿತಿದ್ದರೂ ಕರಿಯ ಮನೆಯೊಳಗೇ ಇರಬೇಕು.