ನವನಗರದ ಮನೆಯ ವಿಂಡೋಸ್ 7: ಹ್ಯಾಂಗ್ ಆಗದಂತೆ, ಮಾಹಿತಿ ಸೋರದಂತೆ ಮಾಡೋದು ಹೇಗೆ?

ಬಾಗಲಕೋಟೆ ನವನಗರದ ಮನೆಯಲ್ಲಿರೋ ವಿಂಡೋಸ್ 7 ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗುತ್ತದೆ, ಮಾಹಿತಿ ಹೊರಗೆ ಹೋಗುತ್ತದಾ ಅಂತ ಕೇಳಿದ್ದೀರಿ. ನಿಮ್ಮ ಭಯ ಸರಿಯಾದದ್ದೇ. 2020ರ ಜನವರಿ 14ಕ್ಕೇ ಇದರ ಉಚಿತ ಸೆಕ್ಯುರಿಟಿ ಅಪ್‌ಡೇಟ್ ನಿಂತಿವೆ, ಕ್ರೋಮ್ ಕೂಡ ಇದರಲ್ಲಿ 109ನೇ ಆವೃತ್ತಿಗೇ ನಿಂತಿದೆ, ಹಾಗಾಗಿ ಬ್ಯಾಂಕ್, ಆಧಾರ್ ಕೆಲಸ ಇದರಲ್ಲಿ ಬೇಡವೇ ಬೇಡ.

ಮೊದಲು ಫೋಟೋ, ಹೊಲದ ಕಾಗದಪತ್ರ ಎಲ್ಲ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿಡಿ. ಆಮೇಲೆ ದಿನಬಳಕೆಗೆ ಅಡ್ಮಿನ್ (ಪೂರ್ತಿ ಅಧಿಕಾರ ಇರೋ) ಅಲ್ಲದ ಖಾತೆ ಮಾಡಿಕೊಳ್ಳಿ. ಆಗ ಯಾವುದೋ ಕಳ್ಳ ಪ್ರೋಗ್ರಾಂ ಬಂದರೂ ಇಡೀ ಸಿಸ್ಟಮ್‌ಗೆ ಕೈ ಹಾಕೋದು ಕಷ್ಟವಾಗುತ್ತದೆ. ಎಮ್‌ಎಸ್‌ಕಾನ್ಫಿಗ್ (msconfig, ವಿಂಡೋಸ್‌ನಲ್ಲೇ ಇರೋ ಸೆಟ್ಟಿಂಗ್ ಟೂಲ್) ತೆರೆದು, ಸ್ಟಾರ್ಟಪ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆದಾಗ, ಸುಮ್ನೆ ಓಡೋ ಪ್ರೋಗ್ರಾಂಗಳನ್ನು ನಿಲ್ಲಿಸಿ. 'ಪಿಸಿ ಕ್ಲೀನರ್' ಅಂತ ಬರೋ ಉಚಿತ ಸಾಫ್ಟ್‌ವೇರ್ ದಯವಿಟ್ಟು ಹಾಕಬೇಡಿ, ಅವುಗಳಿಂದಲೇ ತೊಂದರೆ ಜಾಸ್ತಿ.

ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ ಅಲ್ವಾ, ಕಂಪ್ಯೂಟರ್ ಡಿಸ್ಕಿಗೆ ಬರೆಯುತ್ತಿರುವಾಗಲೇ ಆಫ್ ಆದರೆ ಫೈಲ್ ಕೆಡಬಹುದು. ಚಿಕ್ಕದೊಂದು ಯುಪಿಎಸ್ ಇರಲಿ, ಫ್ಯಾನಿನ ಧೂಳು ತೆಗೆಸಿ.

ನನ್ನ ಪ್ರಕಾರ ನಿಜವಾದ ದಾರಿ ಲಿನಕ್ಸ್ ಮಿಂಟ್, ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಉಚಿತ, ಅಪ್‌ಡೇಟ್ ಬರುತ್ತಿರುತ್ತವೆ. 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್ ಇದ್ದರೆ ಆರಾಮಾಗಿ ಓಡುತ್ತದೆ, ಇನ್‌ಸ್ಟಾಲ್ ಮಾಡದೆಯೇ ಪೆನ್ ಡ್ರೈವ್‌ನಿಂದ ಓಡಿಸಿ ನೋಡಬಹುದು.